ಬೆಂಗಳೂರಲ್ಲಿ ಯಾವ ತಿಂಗಳು ಯಾವ ಹೂ, ಎಲ್ಲಿ? ಕ್ಯಾಮೆರಾ ಹಿಡ್ಕೊಂಡು ಓಡಾಡೋರು ಇಲ್ಲಿ ಬನ್ನಿ

ಬಸವನಗುಡಿ ಬೆಳಕು:
ಎಲ್ಲರಿಗೂ ನಮಸ್ಕಾರ. ಜನವರಿ ಮುಗೀತಾ ಬಂದಂಗೆ ಫೋನ್ ತುಂಬಾ ಅದೇ ಪಿಂಕ್ ಮರದ ಫೋಟೋಗಳು, ಅದರ ಕೆಳಗೆ ಅದೇ ಪ್ರಶ್ನೆ, "ಎಲ್ಲಿದು, ಲೊಕೇಶನ್ ಕಳ್ಸಿ". ಆ ಮರ, ಅಂದ್ರೆ ಟಬೆಬೂಯಿಯಾ, ನಂಗೂ ಇಷ್ಟ, ಪ್ರತಿ ವರ್ಷ ಕಾಯ್ತೀನಿ, ಆದ್ರೆ ಆ ಹೂ ಉದುರಿದ ತಕ್ಷಣ ಎಲ್ಲರ ಕ್ಯಾಮೆರಾನೂ ಬೀರು ಸೇರ್ಕೊಳುತ್ತಲ್ಲ, ಅದು ಬೇಜಾರು. ಈ ಊರಲ್ಲಿ ಹೂ ಇಲ್ಲದ ತಿಂಗಳು ಅಂತ ಒಂದಿಲ್ಲ ರೀ.

ಅದು ತಾನಾಗೇ ಆಗಿದ್ದೂ ಅಲ್ಲ. 1908ರಲ್ಲಿ ಲಾಲ್‌ಬಾಗ್ ಜವಾಬ್ದಾರಿ ತಗೊಂಡ ಕ್ರುಂಬಿಗಲ್ ಅನ್ನೋ ಜರ್ಮನ್ ತೋಟಗಾರ, ಅದಕ್ಕೆ ಮುಂಚೆ ಲಂಡನ್ನಿನ ಕ್ಯೂ ಗಾರ್ಡನ್ಸಲ್ಲೂ ಬರೋಡಾದಲ್ಲೂ ಕೆಲ್ಸ ಮಾಡಿದ್ದೋರು, ಒಂದು ಜಾತಿ ಮರ ಹೂ ಉದುರಿಸೋ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷಪೂರ್ತಿ ರಸ್ತೆಯಲ್ಲಿ ಬಣ್ಣ ಇರಬೇಕು ಅಂತ ಲೆಕ್ಕ ಹಾಕಿ ಸಾಲುಮರ ಆರಿಸಿದ್ರು. ಲಾಲ್‌ಬಾಗ್ ಪಕ್ಕದ ರಸ್ತೆಗೆ ಇವತ್ತಿಗೂ ಅವ್ರ ಹೆಸರೇ. ಆಮೇಲೆ 80ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವ್ರ ಉಸ್ತುವಾರಿಯಲ್ಲಿ ಸುಮಾರು 15 ಲಕ್ಷ ಗಿಡ ನೆಟ್ರು. ನಮ್ಮ ಎಷ್ಟೋ ಬಡಾವಣೆಗಳಲ್ಲಿ ಈಗ ನೆರಳು ಕೊಡ್ತಿರೋದು ಆಗ ನೆಟ್ಟ ಮರಗಳೇ. ಅಷ್ಟು ಯೋಚ್ನೆ ಮಾಡಿ ಇಟ್ಟು ಹೋಗಿರೋದನ್ನ ನಾವು ವರ್ಷಕ್ಕೆ ಒಂದೇ ಸಲ ತಲೆ ಎತ್ತಿ ನೋಡ್ತೀವಿ.

ಅದಕ್ಕೇ ಈ ಥ್ರೆಡ್. ನಿಮ್ಮ ಏರಿಯಾದಲ್ಲಿ ಯಾವ ಮರ, ಯಾವಾಗ ಅರಳುತ್ತೆ, ಬೆಳಕು ಯಾವ ಕಡೆಯಿಂದ ಬರುತ್ತೆ, ಹೇಗೆ ತೆಗೆದ್ರಿ ಬರೀರಿ. ಪಾರ್ಕ್ ಆಗಲಿ ಕೆರೆ ಆಗಲಿ ಮನೆ ಮುಂದಿನ ಫುಟ್‌ಪಾತ್ ಆಗಲಿ.

ಕುಂದಲಹಳ್ಳಿ ಕ್ಲಿಕ್:
ಪಿಂಕ್ ಏರಿಯಾದವನು ನಾನೇ, ಹಾಗಾಗಿ ಶುರು ಮಾಡ್ತೀನಿ 🙂 ಎಇಸಿಎಸ್ ಲೇಔಟ್ ರಸ್ತೆ ಈಗ ಎಲ್ಲರಿಗೂ ಗೊತ್ತು. ಆದ್ರೆ ಟಬೆಬೂಯಿಯಾ ಅಂದ್ರೆ ಒಂದೇ ಮರ ಅಲ್ಲ ಗುರು. ನವೆಂಬರ್ ಡಿಸೆಂಬರಲ್ಲಿ ಗಾಢ ಗುಲಾಬಿ ಬರೋದು ಒಂದು ಜಾತಿ, ಜನವರಿಯಿಂದ ಮಾರ್ಚ್ ತನಕ ತಿಳಿ ಗುಲಾಬಿ ಬಿಡೋದು ಇನ್ನೊಂದು, ಫೆಬ್ರವರಿ ಮಾರ್ಚಲ್ಲಿ ಬರೋ ಹಳದಿದು ಮತ್ತೊಂದು. ಎಲೆ ಉದುರಿಸ್ಕೊಂಡು ಬರೀ ಕೊಂಬೆ ಮೇಲೆ ಹೂ ಬಿಡೋದ್ರಿಂದ ಅಷ್ಟು ದೂರದಿಂದ ಎದ್ದು ಕಾಣುತ್ತೆ. ಒಣ ಹವೆ ಬೇಕು ಅದಕ್ಕೆ, ಮಧ್ಯ ಒಂದು ಅಕಾಲ ಮಳೆ ಬಂತು ಅಂದ್ರೆ ಒಂದೇ ರಾತ್ರಿಗೆ ಎಲ್ಲ ನೆಲದ ಮೇಲೆ. ನೆಲದ ಮೇಲಿರೋದೂ ಫೋಟೋನೇ, ಆದ್ರೆ ಗುಡಿಸೋ ಅಕ್ಕಂದಿರು ಬರೋಕೆ ಮುಂಚೆ ಹೋಗ್ಬೇಕು.

ತೆಗೆಯೋ ವಿಷ್ಯ ಹೇಳ್ಬೇಕಂದ್ರೆ, ಎಲ್ಲರೂ ಮರದ ಬುಡದಲ್ಲಿ ನಿಂತು ಮೇಲಕ್ಕೆ ಎತ್ತಿ ತೆಗೀತಾರೆ, ಹಿಂದೆ ಬಿಳಿ ಆಕಾಶ, ಹೂ ಎಲ್ಲ ಕಪ್ಪು ಕಪ್ಪು ಬರುತ್ತೆ. ಹಂಗೆ ತೆಗೆಯಲೇಬೇಕು ಅಂದ್ರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಮೇಲಕ್ಕೆ ಏರಿಸಿ, ಅಂದ್ರೆ ಬೆಳಕು ಎರಡರಷ್ಟು. ಅದಕ್ಕಿಂತ ಒಳ್ಳೇದು ರಸ್ತೆ ಆ ತುದಿಗೆ ಹೋಗಿ 200 ಎಂಎಂ ಸುತ್ತಮುತ್ತ ಝೂಮ್ ಹಾಕೋದು, ಮರಗಳ ಸಾಲು ಒಂದರ ಮೇಲೊಂದು ಒತ್ತಿಕೊಂಡು ಬರುತ್ತೆ, ಕೇಬಲ್ ವೈರು ಟ್ರಾನ್ಸ್‌ಫಾರ್ಮರು ಫ್ರೇಮಿಂದ ಆಚೆ ಹೋಗುತ್ತೆ. ಮೊದಲ ಮಹಡಿ ಬಾಲ್ಕನಿ ಇರೋ ಫ್ರೆಂಡ್ ಇದ್ರಂತೂ ಬಿಡ್ಲೇಬೇಡಿ, ಹೂವಿನ ಮಟ್ಟದಲ್ಲೇ ನಿಂತು ತೆಗೆಯೋದು ಬೇರೇನೇ.

ರಾಜಾಜಿನಗರದ ಹೊಸಬ:
ನನ್ನತ್ರ ಇರೋದು ಫೋನ್ ಮಾತ್ರ ಸರ್. ಅಮ್ಮನ್ನೂ ಕರ್ಕೊಂಡು ಹೋಗ್ಬೇಕು, ಅವ್ರಿಗೆ ಜಾಸ್ತಿ ನಡೆಯೋಕಾಗಲ್ಲ. ಎಲ್ಲಿಗೆ ಹೋಗ್ಲಿ?

ಬಸವನಗುಡಿ ಬೆಳಕು:
@ರಾಜಾಜಿನಗರದ ಹೊಸಬ ಕಣ್ಣುಮುಚ್ಕೊಂಡು ಕಬ್ಬನ್ ಪಾರ್ಕಿಗೆ ಹೋಗಿ. ಭಾನುವಾರ ಒಳಗೆ ಗಾಡಿ ಬಿಡಲ್ಲ, ರಸ್ತೆ ಮಧ್ಯೆನೇ ಆರಾಮಾಗಿ ನಡೀಬಹುದು, ಕಾಲು ನೋವಾದ್ರೆ ಕೂರೋಕೆ ಕಲ್ಲುಬೆಂಚು ಇದ್ದೇ ಇದೆ. ಮೆಟ್ರೋದಲ್ಲಿ ಕಬ್ಬನ್ ಪಾರ್ಕ್ ಸ್ಟೇಷನ್ ಇಳಿದ್ರೆ ಸಾಕು. 1870ರಲ್ಲಿ ಎಂಜಿನಿಯರ್ ಸ್ಯಾಂಕಿ ಕಾಲದಲ್ಲಿ ಶುರುವಾದ ಪಾರ್ಕು, ಮರಗಳಿಗೂ ವಯಸ್ಸಾಗಿದೆ, ಬಿದಿರಿನ ಮೆಳೆ ಹತ್ರ ಬೆಳಿಗ್ಗೆ ಏಳು ಏಳೂವರೆ ಹೊತ್ತಿಗೆ ಕಿರಣ ಓರೆಯಾಗಿ ಬೀಳೋದು ನೋಡೋಕೇ ಹೋಗ್ಬೇಕು. ಹೈಕೋರ್ಟಿನ ಕೆಂಪು ಗೋಡೆ ಹಿಂದೆ ಇಟ್ಕೊಂಡು ಪಿಂಕ್ ಹೂ ತೆಗೀರಿ, ಅಮ್ಮನ್ನೂ ನಿಲ್ಲಿಸಿ ಒಂದು ತೆಗೀರಿ.

ಫೋನಲ್ಲಿ ಹೂವಿನ ಮೇಲೆ ಬೆರಳಿಟ್ಟು ಫೋಕಸ್ ಲಾಕ್ ಮಾಡಿ, ಬ್ರೈಟ್‌ನೆಸ್ ಸ್ವಲ್ಪ ಕೆಳಗೆ ಎಳೀರಿ. ಪೋರ್ಟ್ರೇಟ್ ಮೋಡ್ ಬೇಡ, ಎಸಳಿನ ಅಂಚು ತಿಂದುಹಾಕುತ್ತೆ. ಹತ್ರ ಹೋಗೋ ಬದಲು 2 ಎಕ್ಸ್ ಅಥವಾ 3 ಎಕ್ಸ್ ಲೆನ್ಸ್ ಹಾಕಿ ಒಂದು ಹೆಜ್ಜೆ ಹಿಂದೆ ಬನ್ನಿ, ಹಿನ್ನೆಲೆ ತಾನಾಗೇ ಮಸುಕಾಗುತ್ತೆ.

ಮಾಡೆಲ್ ಶೂಟು, ಪ್ರೀ ವೆಡ್ಡಿಂಗು ಬೇರೆ ವಿಷ್ಯ, ಅದಕ್ಕೆಲ್ಲ ತೋಟಗಾರಿಕೆ ಇಲಾಖೆ ಅನುಮತಿ ಬೇಕು. ಲಾಲ್‌ಬಾಗಲ್ಲಿ ದೊಡ್ಡ ಕ್ಯಾಮೆರಾ, ಟ್ರೈಪಾಡ್ ಇದ್ರೆ ಟಿಕೆಟ್ ಕೌಂಟರಲ್ಲೇ ಕೇಳ್ಕೊಂಡು ಒಳಗೆ ಹೋಗಿ, ಒಳಗೆ ಹೋದ್ಮೇಲೆ ವಾದ ಬೇಡ.

ಬಾಟನಿ ಮೇಷ್ಟ್ರು:
ಥ್ರೆಡ್ ಒಳ್ಳೇದು. ಆದರೆ ಒಂದು ಮಾತು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಟಬೆಬೂಯಿಯಾ ಲ್ಯಾಟಿನ್ ಅಮೆರಿಕದ್ದು, ಜಕರಂಡಾ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿಂದು, ಮಳೆಮರನೂ ಅಮೆರಿಕ ಖಂಡದಿಂದ ಬಂದಿದ್ದೇ. ಎಲ್ಲ ಚೆಂದ. ಆದರೆ ಇದೇ ಫೆಬ್ರವರಿಯಲ್ಲಿ ನಮ್ಮದೇ ಮುತ್ತುಗ ಅರಳುತ್ತೆ, ಅದನ್ನ ಕೇಳೋರಿಲ್ಲ. ಮಾಗಡಿ ರಸ್ತೆ ಹಿಡಿದು ಸಾವನದುರ್ಗದ ಕಡೆ ಹೋಗಿ, ಒಣಗಿದ ಕುರುಚಲು ಕಾಡಿನ ನಡುವೆ ಒಂದೊಂದು ಮರ ಮೈಯೆಲ್ಲ ಕೇಸರಿ ಹೊತ್ತು ನಿಂತಿರುತ್ತೆ. ಸಾವನದುರ್ಗದ ಬಂಡೆ ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರ, ಆ ಬೂದುಬಣ್ಣ ಹಿನ್ನೆಲೆಗೆ ಸಿಕ್ಕಿದರೆ ಮುತ್ತುಗಕ್ಕೆ ಅದಕ್ಕಿಂತ ಒಳ್ಳೆ ಪರದೆ ಇಲ್ಲ.

ಮುತ್ತುಗದ ಹತ್ತಿರ ಅರ್ಧ ಗಂಟೆ ಸುಮ್ಮನೆ ನಿಲ್ಲಿ. ಗೊರವಂಕ, ಪಿಕಳಾರ, ಸೂರಕ್ಕಿ, ಗಿಳಿ ಒಂದಾದ ಮೇಲೊಂದು ಬರ್ತವೆ, ಏಕೆಂದರೆ ಅದು ಹಕ್ಕಿಗಳಿಗಾಗೇ ರೂಪುಗೊಂಡ ಹೂ. ಕೆಂಪು ಕೇಸರಿ ಬಣ್ಣ, ಗಟ್ಟಿ ಎಸಳು, ಒಳಗೆ ಬೇಕಾದಷ್ಟು ಮಕರಂದ, ಕೊಕ್ಕು ಒಳಗೆ ಹಾಕಿದಾಗ ತಲೆಗೆ ಪರಾಗ ಮೆತ್ತಿಕೊಳ್ಳೋ ಹಾಗೆ ಇದೆ ಅದರ ರಚನೆ. ಕೆಂಪು ಬೂರುಗನೂ ಅಷ್ಟೇ, ಜನವರಿ ಫೆಬ್ರವರಿಯಲ್ಲಿ ಕಾಗೆಯಿಂದ ಹಿಡಿದು ಅಳಿಲಿನ ತನಕ ಎಲ್ಲರಿಗೂ ಅಲ್ಲಿ ಊಟ. (ಲಾಲ್‌ಬಾಗಿನಲ್ಲಿ ಭಾರಿ ಬುಡ ಇಟ್ಕೊಂಡು ನಿಂತಿರೋ ಬಿಳಿ ಬೂರುಗ ಬೇರೆ ಜಾತಿ, ಅದನ್ನ ಹೂವಿಗಿಂತ ಬೇರಿಗೋಸ್ಕರ ನೋಡಬೇಕು.) ಫೋಟೋ ತೆಗೆಯೋರು ಹೂ ಮಾತ್ರ ಅಲ್ಲ, ಹೂವಿಗೆ ಯಾರು ಬಂದ್ರು ಅನ್ನೋದನ್ನೂ ತೆಗೀಲಿ ಅನ್ನೋದು ನನ್ನ ಆಸೆ.

ಕುಂದಲಹಳ್ಳಿ ಕ್ಲಿಕ್:
ಸರ್ ನಿಮ್ಮ ಮಾತು ಒಪ್ತೀನಿ, ಆದ್ರೆ ಪಿಂಕ್ ಮರ ನೋಡೋಕೆ ಬಂದೋರಲ್ಲಿ ಎಷ್ಟೋ ಜನ ಆಮೇಲೆ ಮರದ ಹೆಸರು ಕೇಳೋಕೆ ಶುರು ಮಾಡ್ತಾರೆ, ನಾನೂ ಹಂಗೇ ಬಂದೋನು. ಮೊದ್ಲು ಪಿಂಕ್, ಆಮೇಲೆ ಮುತ್ತುಗ. ಬಾಗ್ಲು ಯಾವ್ದಾದ್ರೇನು ಸರ್.

ಬಾಟನಿ ಮೇಷ್ಟ್ರು:
ಒಪ್ಪಿದೆ. ಫೋಟೋ ಎಲ್ಲದ್ದೂ ತೆಗೀರಿ, ನೆಡೋವಾಗ ಮಾತ್ರ ಹೊಂಗೆ, ಬೇವು, ಕಕ್ಕೆ, ಹೊಳೆದಾಸವಾಳ ನೆಡಿ. ನನ್ನ ವಾದ ಅಷ್ಟೇ.

ಮಲ್ಲೇಶ್ವರದ ಮೈನಾ:
ಹೊಂಗೆ ಅಂದ ತಕ್ಷಣ ಬರೀಲೇಬೇಕು ಅನ್ನಿಸ್ತು. ಯುಗಾದಿ ಆಸುಪಾಸು ನಮ್ಮ ಅಡ್ಡರಸ್ತೆಗಳಲ್ಲಿ ಹೊಸ ಚಿಗುರು ಬಂದು ಎಲೆ ಎಣ್ಣೆ ಹಚ್ಚಿದ ಹಾಗೆ ಹೊಳೀತಿರುತ್ತೆ, ಆಮೇಲೆ ಆ ತಿಳಿ ನೇರಳೆ ಬಿಳಿ ಹೂ ಬಿದ್ದು ಬಿದ್ದು ನಿಲ್ಲಿಸಿರೋ ಕಾರು ಸ್ಕೂಟರು ಎಲ್ಲ ಮುಚ್ಚಿಹೋಗುತ್ತೆ. ಜನ ಅದನ್ನ ಕಸ ಅಂತ ಬೈಕೊಂಡು ಗುಡಿಸ್ತಾರೆ, ನಂಗೆ ಆ ಒಂದು ವಾರ ವರ್ಷದಲ್ಲೇ ಒಳ್ಳೆ ವಾರ. ಒಂದು ವಿಷ್ಯ, ಹೊಂಗೆ ಹೂವನ್ನ ಮರದಲ್ಲಿ ತೆಗೀಬೇಡಿ, ಎಲೆ ಮಧ್ಯ ಕಾಣೋದೇ ಇಲ್ಲ. ನೆಲಕ್ಕೆ ಬಗ್ಗಿ. ಕ್ಯಾಮೆರಾನ ರಸ್ತೆ ಮೇಲೇ ಇಟ್ಟು, ಸ್ಕ್ರೀನ್ ಮೇಲಕ್ಕೆ ತಿರುಗಿಸ್ಕೊಂಡು, ಕಪ್ಪು ಟಾರಿನ ಮೇಲೆ ಹೂ ಹಾಸಿರೋದನ್ನ ಮನೆಗಳ ಕಡೆ ಮುಖ ಮಾಡಿ ತೆಗೀರಿ, ಹಿಂದೆ ಯಾರಾದ್ರೂ ರಂಗೋಲಿ ಹಾಕ್ತಿದ್ರೆ ಇನ್ನೂ ಚೆನ್ನ. ಅವ್ರನ್ನ ಕೇಳಿ ತೆಗೀರಿ ಅಷ್ಟೇ.

ಇನ್ನು ಅಕ್ಟೋಬರಿಂದ ಡಿಸೆಂಬರ್ ಆಕಾಶಮಲ್ಲಿಗೆ. ಇದು ರಾತ್ರಿ ಅರಳೋ ಹೂ, ಉದ್ದ ಕೊಳವೆ, ಬಿಳಿ ಬಣ್ಣ, ಘಮ, ಎಲ್ಲ ರಾತ್ರಿ ಹಾರೋ ಪತಂಗಗಳಿಗೆ. ಬೆಳಿಗ್ಗೆ ಹೊತ್ತಿಗೆ ಉದುರಿರುತ್ತೆ. ಮರ ತುಂಬಾ ಎತ್ತರ, ಹಾಗಾಗಿ ಇದಕ್ಕೂ ನೆಲವೇ ಗತಿ, ಮುಂಜಾನೆ ಆರೂವರೆಗೆ ಇಬ್ಬನಿ ಇನ್ನೂ ಇರುವಾಗ.

ಹುಲ್ಲುಗಾವಲು ಯಲಹಂಕ:
ಎಲ್ಲರೂ ಮರ ಮರ ಅಂತಿದ್ದೀರ, ನಾನು ಹುಲ್ಲಿನ ಕಡೆ ಮಾತಾಡ್ತೀನಿ. ಹೆಸರಘಟ್ಟ. 1894ರಲ್ಲಿ ಅರ್ಕಾವತಿಗೆ ಅಡ್ಡ ಕೆರೆ ಕಟ್ಟಿ ಬೆಂಗಳೂರಿಗೆ ನೀರು ತಂದ ಜಾಗ, ಅದರ ಪಕ್ಕದಲ್ಲೇ ಬೆಂಗಳೂರಿನ ಸುತ್ತ ಉಳಿದಿರೋ ಕೊನೇ ದೊಡ್ಡ ಹುಲ್ಲುಗಾವಲು. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,600 ಎಕರೆಗೂ ಜಾಸ್ತಿ ಜಾಗನ ಸಂರಕ್ಷಣಾ ಮೀಸಲು ಮಾಡೋಕೆ ಒಪ್ಪಿಗೆ ಕೊಟ್ಟಾಗ ನಮ್ಮಂಥೋರಿಗೆ ಹಬ್ಬ, ಎಷ್ಟು ವರ್ಷದ ಹೋರಾಟ ಅದು.

ಮಳೆ ಬಿದ್ದ ಮೇಲೆ, ಜುಲೈಯಿಂದ ಅಕ್ಟೋಬರ್, ಅಲ್ಲಿ ನೆಲ ನೋಡ್ಕೊಂಡು ನಡೀಬೇಕು. ವಿಷ್ಣುಕ್ರಾಂತಿ ಅಂತ ಉಗುರಿಗಿಂತ ಚಿಕ್ಕ ನೀಲಿ ಹೂ, ಬಿಸಿಲೇರಿದ ಮೇಲೆ ಮುಚ್ಕೊಳುತ್ತೆ, ಹಾಗಾಗಿ ಬೆಳಿಗ್ಗೆನೇ ಸಿಗ್ಬೇಕು. ತುಂಬೆ, ಮುಟ್ಟಿದರೆ ಮುನಿ, ಬೇಲಿ ಮೇಲೆ ಗೌರಿ ಹಬ್ಬದ ಹೊತ್ತಿಗೆ ಗೌರಿ ಹೂ, ಕೆಂಪು ಹಳದಿ ಎಸಳು ಮೇಲಕ್ಕೆ ತಿರುಗಿಸ್ಕೊಂಡು ನಿಂತಿರುತ್ತೆ. (ಅದರ ಗೆಡ್ಡೆ ವಿಷ, ಮಕ್ಕಳ ಕೈಗೆ ಕೊಡ್ಬೇಡಿ.) ಚಿಕ್ಕದನ್ನ ಹತ್ರದಿಂದ ದೊಡ್ಡದಾಗಿ ತೆಗೆಯೋ ಮ್ಯಾಕ್ರೋ ಲೆನ್ಸ್ ಇರ್ಲೇಬೇಕು ಅಂತಿಲ್ಲ, ನಿಮ್ಮ ಝೂಮ್ ಲೆನ್ಸಿಗೆ ಒಂದು ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕೋ ಖಾಲಿ ಕೊಳವೆ) ಹಾಕಿದ್ರೂ ಆಗುತ್ತೆ, ಗಾಳಿ ಇರೋದ್ರಿಂದ ಶಟರ್ 1/500 ಸೆಕೆಂಡ್ ಹತ್ರ ಇಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರೋಕೆ ಬಿಡಿ, ಸ್ವಲ್ಪ ಗ್ರೇನ್ ಬಂದ್ರೆ ಬರಲಿ.

ಚಳಿಗಾಲದಲ್ಲಿ ಅಲ್ಲಿಗೆ ಹ್ಯಾರಿಯರ್ ಹದ್ದುಗಳು ವಲಸೆ ಬರ್ತವೆ, ಆಗ ಕ್ಯಾಮೆರಾ ಹಿಡಿದವರ ದಂಡೂ ಬರುತ್ತೆ. ಇಲ್ಲೇ ನಂಗೆ ತಡ್ಕೊಳೋಕಾಗದೇ ಇರೋದು. ಜೀಪು ಕಾರು ನೇರ ಹುಲ್ಲಿನ ಮೇಲೆ ಓಡಿಸ್ತಾರೆ. ನೆಲಗುಬ್ಬಿ, ಟಿಟ್ಟಿಭ ಎಲ್ಲ ಗೂಡು ಮಾಡೋದು ನೆಲದಲ್ಲೇ ಸ್ವಾಮಿ, ಮೊಟ್ಟೆ ಮಣ್ಣಿನ ಬಣ್ಣವೇ ಇರುತ್ತೆ, ಚಕ್ರದ ಕೆಳಗೆ ಹೋದ್ರೆ ಓಡಿಸೋನಿಗೆ ಗೊತ್ತೂ ಆಗಲ್ಲ. ಗಾಡಿ ರಸ್ತೆಯಲ್ಲೇ ನಿಲ್ಸಿ, ಇರೋ ಕಾಲುದಾರಿಯಲ್ಲೇ ನಡೀರಿ, ಗೂಡು ಕಂಡ್ರೆ ಫೋಟೋನೂ ಬೇಡ, ಜಾಗನೂ ಯಾರಿಗೂ ಹೇಳ್ಬೇಡಿ. ಇನ್ನೊಂದು, ಪುಣ್ಯ ಬರುತ್ತೆ ಅಂತ ಅಲ್ಲಿ ಸಸಿ ನೆಡೋಕೆ ಬರೋರಿದ್ದಾರೆ. ಹುಲ್ಲುಗಾವಲಲ್ಲಿ ಮರ ನೆಟ್ರೆ ಹುಲ್ಲುಗಾವಲು ಸಾಯುತ್ತೆ. ಅದು ಖಾಲಿ ಜಾಗ ಅಲ್ಲ.

ಬಸವನಗುಡಿ ಬೆಳಕು:
ಇದನ್ನ ಥ್ರೆಡ್ ಮೇಲೆ ಪಿನ್ ಮಾಡ್ತೀನಿ ಹುಲ್ಲುಗಾವಲು ಅವ್ರೇ. ಪಾರ್ಕಿಗೂ ಇದೇ ಮಾತು ಅನ್ವಯ, ಹೂ ಉದುರ್ಲಿ ಅಂತ ಕೊಂಬೆ ಅಲ್ಲಾಡಿಸೋರನ್ನ ಎಲ್ಲರೂ ನೋಡಿರ್ತೀರ. ಅಲ್ಲಾಡಿಸಿದ ಹೂ ಮಾರನೇ ದಿನ ಬಂದೋರಿಗೆ ಇರಲ್ಲ, ಜೇನಿಗೂ ಇರಲ್ಲ.

ವಿಜಯನಗರ ವಾಕರ್:
ಫ್ಲವರ್ ಶೋ ಬಗ್ಗೆ ಯಾರೂ ಬರೀಲಿಲ್ವಲ್ಲ?

ಬಸವನಗುಡಿ ಬೆಳಕು:
ಬರೀತೀನಿ, ಶೋ ನಡೆಯೋ ಲಾಲ್‌ಬಾಗ್ ನಮ್ಮನೆಯಿಂದ ನಡೆಯೋ ದೂರ. ಗಣರಾಜ್ಯೋತ್ಸವಕ್ಕೆ ಒಂದು, ಸ್ವಾತಂತ್ರ್ಯ ದಿನಕ್ಕೆ ಒಂದು, ವರ್ಷಕ್ಕೆ ಎರಡು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಅದರ ನಡುವೆ ಪ್ರತಿ ಸಲ ಒಂದು ವಿಷಯ ಇಟ್ಕೊಂಡು ಹೂವಿಂದ ದೊಡ್ಡ ಮಾದರಿ ಮಾಡ್ತಾರೆ, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ, 2025ರ ಜನವರಿಯಲ್ಲಿ ಮಹರ್ಷಿ ವಾಲ್ಮೀಕಿ. ಹೋಗೋದಾದ್ರೆ ಶುರುವಿನ ಎರಡ್ಮೂರು ದಿನದೊಳಗೆ, ವಾರದ ದಿನ, ಗೇಟ್ ತೆಗೆದ ಮೊದಲ ಗಂಟೆ. ರಜಾದಿನ ಮಧ್ಯಾಹ್ನ ಹೋದ್ರೆ ತಲೆಗಳ ಫೋಟೋ ಸಿಗುತ್ತೆ. ಹಸಿರು ಲೈನಿನ ಲಾಲ್‌ಬಾಗ್ ಸ್ಟೇಷನ್ ಪಶ್ಚಿಮ ಗೇಟ್ ಪಕ್ಕದಲ್ಲೇ ಇರೋದ್ರಿಂದ ಪಾರ್ಕಿಂಗ್ ತಲೆನೋವು ಬೇಡ.

ಒಳಗೆ ಗಾಜಿನಿಂದ ಬೆಳಕು ಸೋಸಿಕೊಂಡು ಮೃದುವಾಗಿ ಬರುತ್ತೆ, ಫ್ಲಾಶ್ ಆಫ್ ಮಾಡಿ. ನಂಗೆ ಆ ದೊಡ್ಡ ಮಾದರಿಗಿಂತ ಅದರ ಹಿಂದೆ ಕೆಲಸ ಮಾಡೋ ಕೈಗಳು ಇಷ್ಟ, ಬೆಳಿಗ್ಗೆ ಬೇಗ ಹೋದ್ರೆ ನೀರು ಚಿಮುಕಿಸ್ತಾ ಬಾಡಿದ ಹೂ ಕಿತ್ತು ಹೊಸದು ಸಿಗಿಸ್ತಿರೋ ಮಾಲಿಗಳು ಸಿಗ್ತಾರೆ, ಎರಡು ಮಾತಾಡಿ ಕೇಳಿದ್ರೆ ಖುಷಿಯಿಂದ ತೆಗೆಸ್ಕೊತಾರೆ. ಮರೀಗೌಡ ಹಾಲಲ್ಲಿ ಇಕೆಬಾನ (ಜಪಾನಿನ ಹೂಜೋಡಣೆ), ತರಕಾರಿ ಕೆತ್ತನೆ, ಬೋನ್ಸಾಯ್ ಇಡ್ತಾರೆ, ಅದನ್ನ ತಪ್ಪಿಸ್ಕೋಬೇಡಿ.

ಶೋ ನೋಡಿ ಸೀದಾ ಮನೆಗೆ ಹೋಗ್ಬೇಡಿ ಅನ್ನೋದು ನನ್ನ ಕೋರಿಕೆ. ಲಾಲ್‌ಬಾಗ್ 240 ಎಕರೆ ಇದೆ. ನಾಗಲಿಂಗ ಪುಷ್ಪ ಕಾಂಡದಲ್ಲೇ ಬಿಡೋದು, ಕಣ್ಣಿನ ಮಟ್ಟಕ್ಕೇ ಸಿಗುತ್ತೆ, ಯಾವ ಲೆನ್ಸಾದ್ರೂ ಸರಿ. ಕೆಂಪೇಗೌಡ ಗೋಪುರ ಇರೋ ಬಂಡೆ ಸುಮಾರು 300 ಕೋಟಿ ವರ್ಷ ಹಳೇದು, ಅಲ್ಲಿ ಹತ್ತಿ ನಿಂತ್ರೆ ಏಪ್ರಿಲ್ ಮೇ ತಿಂಗಳಲ್ಲಿ ಊರಿನ ಹಸಿರು ಮಧ್ಯ ಗುಲ್‌ಮೊಹರ್ ಕೆಂಪು ಎಲ್ಲೆಲ್ಲಿ ಅಂತ ಒಂದೇ ನೋಟಕ್ಕೆ ಕಾಣುತ್ತೆ.

ಕುಂದಲಹಳ್ಳಿ ಕ್ಲಿಕ್:
ಗುಲ್‌ಮೊಹರ್, ಮುತ್ತುಗ ತೆಗೆಯೋರಿಗೆ ಒಂದು ಟಿಪ್. ಕೆಂಪು ಮತ್ತೆ ಗಾಢ ಹಳದಿ ಹೂ ತೆಗೆದಾಗ ಎಸಳಿನ ಗೆರೆ ಎಲ್ಲ ಹೋಗಿ ಬಣ್ಣ ಬಳಿದಂಗೆ ಬರುತ್ತಲ್ಲ, ಅದು ಕೆಂಪು ಚಾನೆಲ್ ಒಡೆದಿರೋದು, ಅಂದ್ರೆ ಕೆಂಪು ಕ್ಯಾಮೆರಾ ಹಿಡಿಯೋ ಮಿತಿ ದಾಟಿರೋದು. ಸಾಮಾನ್ಯ ಹಿಸ್ಟೋಗ್ರಾಮಲ್ಲಿ (ಬೆಳಕು ಎಷ್ಟೆಷ್ಟು ಅಂತ ತೋರಿಸೋ ಗ್ರಾಫ್) ಸರಿಯಿದೆ ಅಂತ ಕಂಡ್ರೂ ಆರ್‌ಜಿಬಿ ಹಿಸ್ಟೋಗ್ರಾಮ್ (ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸೋದು) ಹಾಕಿ ನೋಡಿದ್ರೆ ಗೊತ್ತಾಗುತ್ತೆ. ಎಕ್ಸ್‌ಪೋಷರ್ 2/3 ಸ್ಟಾಪ್ ಇಳಿಸಿ, ಕ್ಯಾಮೆರಾ ತಿದ್ದದೆ ಹಾಗೇ ಕೊಡೋ ರಾ ಫಾರ್ಮ್ಯಾಟಲ್ಲಿ ತೆಗೀರಿ. ಮಳೆ ನಿಂತ ಮೇಲೆ ಪೋಲರೈಸರ್ ಹಾಕಿದ್ರೆ ಒದ್ದೆ ಎಲೆ ಮೇಲಿನ ಬಿಳಿ ಹೊಳಪು ಹೋಗಿ ಹಸಿರು ಗಟ್ಟಿ ಆಗುತ್ತೆ. ಅದು ಬಿಟ್ರೆ ನಂಗೆ ಬೇರೆ ಫಿಲ್ಟರ್ ಯಾವ್ದೂ ಬೇಕು ಅನ್ನಿಸಿಲ್ಲ.

ಬಾಟನಿ ಮೇಷ್ಟ್ರು:
ಏಪ್ರಿಲ್ ಮೇ ಬಂತಲ್ಲ, ಕಕ್ಕೆ ಮರೀಬೇಡಿ. ಹಳದಿ ಗೊಂಚಲು ಜೋತಾಡೋದನ್ನ ಎಲ್ಲರೂ ತೆಗೀತಾರೆ, ಒಂದು ಹೂವನ್ನ ಹತ್ತಿರದಿಂದ ತೆಗೆದು ದೊಡ್ಡದು ಮಾಡಿ ನೋಡಿ. ಕೇಸರಗಳು ಒಂದೇ ಅಳತೆಯವಲ್ಲ, ಮೂರು ಉದ್ದವಾಗಿ ಬಾಗಿರ್ತವೆ, ಉಳಿದವು ಚಿಕ್ಕವು. ಕಪ್ಪಗಿನ ದೊಡ್ಡ ಬಡಗಿ ಜೇನು ಬಂದು ಚಿಕ್ಕ ಕೇಸರದಿಂದ ಪರಾಗ ತಗೊಳ್ಳೋವಾಗ ಉದ್ದದವು ಅದರ ಮೈಗೆ ಪರಾಗ ಹಚ್ಚಿ ಕಳಿಸ್ತವೆ. ಆ ಕ್ಷಣದ ಫೋಟೋ ಯಾರಾದರೂ ಹಾಕಿದರೆ ನಾನು ಮೊಮ್ಮಕ್ಕಳಿಗೆ ತೋರಿಸ್ತೀನಿ. ಹೊಳೆದಾಸವಾಳ ಅದೇ ಹೊತ್ತಿಗೆ ಶುರುವಾಗಿ ಜೂನ್ ತನಕ ಇರುತ್ತೆ, ನೇರಳೆ ಬಣ್ಣ, ಮೋಡ ಕವಿದ ದಿನವೇ ಅದಕ್ಕೆ ಒಳ್ಳೇದು.

ವಿಜಯನಗರ ವಾಕರ್:
ನಂದೂ ಒಂದು ಸೇರಿಸಿ. ಅಕ್ಟೋಬರ್ ನವೆಂಬರಲ್ಲಿ ಮಾಗಡಿ, ದೊಡ್ಡಬಳ್ಳಾಪುರ ಕಡೆ ರಾಗಿ ಹೊಲದ ಮಧ್ಯ ಅಕ್ಕಡಿ ಸಾಲಲ್ಲಿ ಹುಚ್ಚೆಳ್ಳು ಹಾಕಿರ್ತಾರೆ, ಹಸಿರು ರಾಗಿ ತೆನೆ ನಡುವೆ ಉದ್ದಕ್ಕೆ ಹಳದಿ ಗೆರೆ, ಜೇನು ಗುಂಯ್ ಅಂತಿರುತ್ತೆ. ನಮ್ಮಜ್ಜಿ ಊರಲ್ಲಿ ನೋಡ್ಕೊಂಡು ಬೆಳೆದಿದ್ದು, ಈಗ ಈ ಸಾಲು ಹಾಕೋರು ಕಮ್ಮಿ ಆಗಿದ್ದಾರೆ, ಲೇಔಟ್ ಕಲ್ಲು ನೆಟ್ಟಿರೋ ಹೊಲಗಳೇ ಜಾಸ್ತಿ. ಇರೋವಾಗ್ಲೇ ತೆಗೆದಿಡ್ಬೇಕು ಅನ್ನಿಸುತ್ತೆ. ಹೊಲದ ಯಜಮಾನ್ರನ್ನ ಕೇಳಿ ಬದುವಿನ ಮೇಲೆ ನಿಂತು ತೆಗೀರಿ, ಒಳಗೆ ತುಳೀಬೇಡಿ, ಆಮೇಲೆ ಫೋಟೋ ಅವ್ರಿಗೂ ವಾಟ್ಸಾಪ್ ಮಾಡಿ, ತುಂಬಾ ಖುಷಿ ಪಡ್ತಾರೆ.

ಮಲ್ಲೇಶ್ವರದ ಮೈನಾ:
ಇರೋವಾಗ್ಲೇ ತೆಗೆದಿಡ್ಬೇಕು ಅಂದ್ರಲ್ಲ, ಅದಕ್ಕೆ ಒಂದು ದಾರಿ ಇದೆ. ಸೀಸನ್‌ವಾಚ್ ಅಂತ ಒಂದು ಯೋಜನೆ, ದೇಶದ ಎಲ್ಲ ಕಡೆ ಜನಸಾಮಾನ್ಯರು, ಶಾಲೆ ಮಕ್ಕಳು ಒಂದು ಮರ ಆರಿಸ್ಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ದಾಖಲು ಮಾಡ್ತಾರೆ. ನಾನು ಮನೆ ಎದುರಿನ ಹೊಂಗೆಗೆ ಮಾಡ್ತಿದ್ದೀನಿ, ಜೊತೆಗೆ ಅದೇ ಜಾಗದಲ್ಲಿ ನಿಂತು ಅದೇ ಲೆನ್ಸಲ್ಲಿ ಒಂದು ಫೋಟೋ. ಒಂದೊಂದೇ ನೋಡಿದ್ರೆ ಏನೂ ಇಲ್ಲ, ಸಾಲಾಗಿ ಜೋಡಿಸಿದ್ರೆ ಮರ ಉಸಿರಾಡ್ತಿರೋದು ಕಾಣುತ್ತೆ. ಹೂ ಬಿಡೋ ಕಾಲ ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗ್ತಿದ್ರೆ ಅದು ಗೊತ್ತಾಗೋದು ಇಂಥ ದಾಖಲೆಯಿಂದಲೇ. ಫೋಟೋದಲ್ಲಿ ತಾರೀಖು, ಜಾಗ ಸರಿಯಾಗಿ ಇಟ್ಕೊಳಿ, ರಸ್ತೆ ಅಗಲ ಮಾಡೋರು ಬಂದಾಗ "ಇಲ್ಲಿ ಇಂಥ ಮರ ಇತ್ತು, ಇಷ್ಟು ಹೂ ಬಿಡ್ತಿತ್ತು" ಅಂತ ತೋರಿಸೋಕೂ ಅದೇ ಆಧಾರ.

ಬಾಟನಿ ಮೇಷ್ಟ್ರು:
ತಾಯಿ, ಇದು ನಿಜವಾದ ಕೆಲಸ. ಮುಂದುವರಿಸಿ.

ರಾಜಾಜಿನಗರದ ಹೊಸಬ:
ಅಮ್ಮನ ಜೊತೆ ಕಬ್ಬನ್ ಪಾರ್ಕ್ ಹೋಗಿ ಬಂದೆ ಸರ್. ಹೈಕೋರ್ಟ್ ಗೋಡೆ ಐಡಿಯಾ ಸಕತ್ ವರ್ಕ್ ಆಯ್ತು. ಅಮ್ಮ ಬಿದಿರು ಹತ್ರನೇ ಕೂತ್ಬಿಟ್ರು, ಎದ್ದೇಳೋಕೇ ಒಪ್ಪಲಿಲ್ಲ. ಮುತ್ತುಗ ನೋಡ್ಬೇಕು ಅಂತ ಈಗ ಅವ್ರೇ ಕೇಳ್ತಿದ್ದಾರೆ. ಸಾವನದುರ್ಗಕ್ಕೆ ಯಾರಾದ್ರೂ ಹೋಗ್ತಿದ್ರೆ ನಾವೂ ಬರ್ಬಹುದಾ?

ಬಸವನಗುಡಿ ಬೆಳಕು:
ಧಾರಾಳವಾಗಿ ಬನ್ನಿ. ಫೆಬ್ರವರಿ ಮೂರನೇ ಭಾನುವಾರ ಅಂತ ಇಟ್ಕೊಳೋಣ, ಅಷ್ಟೊತ್ತಿಗೆ ಹೂ ತುಂಬಿರುತ್ತೆ. ಬೆಟ್ಟ ಹತ್ತೋ ಪ್ಲಾನ್ ಇಲ್ಲ, ಕೆಳಗೆ ರಸ್ತೆ ಪಕ್ಕದ ಮರಗಳೇ ಸಾಕು, ಅಮ್ಮನಿಗೆ ತೊಂದ್ರೆ ಆಗಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ವಿಜಯನಗರ ಮೆಟ್ರೋ ಹತ್ರ ಸೇರೋಣ, ಕಾರಲ್ಲಿ ಜಾಗ ಇರೋರು ಹೇಳಿ. ನೀರು, ಟೋಪಿ, ತಿಂಡಿ ತರ್ರಿ, ಪ್ಲಾಸ್ಟಿಕ್ ಬೇಡ. ಮೇಷ್ಟ್ರೇ, ನೀವು ಬರಲೇಬೇಕು.

ಬಾಟನಿ ಮೇಷ್ಟ್ರು:
ಬರ್ತೀನಿ. ಬೈನಾಕ್ಯುಲರ್ ತರ್ತೀನಿ, ಅಮ್ಮನವರಿಗೆ ಹಕ್ಕಿ ತೋರಿಸೋದು ನನ್ನ ಜವಾಬ್ದಾರಿ.

ವಿಜಯನಗರ ವಾಕರ್:
ನನ್ನ ಕಾರಲ್ಲಿ ಮೂರು ಜನಕ್ಕೆ ಜಾಗ ಇದೆ. ಅಮ್ಮನವರನ್ನ ಮುಂದಿನ ಸೀಟಲ್ಲಿ ಕೂರಿಸ್ತೀನಿ.

ಕುಂದಲಹಳ್ಳಿ ಕ್ಲಿಕ್:
ನಾನೂ ಇದ್ದೀನಿ. 70-300 ಝೂಮ್ ಲೆನ್ಸ್ ಒಂದು ಎಕ್ಸ್‌ಟ್ರಾ ಇದೆ, ಕ್ಯಾನನ್ ಮೌಂಟು, ಬೇಕಾದೋರು ಮೊದ್ಲೇ ಹೇಳಿ ತರ್ತೀನಿ.